ಸರ್ವಾನುಮತ ಎಂದು ಬರೆದ ಮಳೆಗಾಲ

ಕಳೆದ ವಾರ ಕಲ್ಯಾಣದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ನನ್ನ ಎರಡೂ ಕಣ್ಣಿಗೆ ಡ್ರಾಪ್ಸ್ ಹಾಕಿ ಬೆಂಚಿನ ಮೇಲೆ ಕೂರಿಸಿದ್ದರು. ಅರ್ಧ ಗಂಟೆ ಕಣ್ಣು ಬಿಡಬೇಡಿ ಆಜಿ, ಅಂದಿದ್ದಳು ನರ್ಸ್. ಹೊರಗೆ ಜೋರು ಮಳೆ. ಕಣ್ಣು ಮುಚ್ಚಿ ಕೂತರೆ ಮಳೆಯ ಸದ್ದು ಹತ್ತಿರ ಬರುತ್ತದೆ, ಮನುಷ್ಯರ ಸದ್ದು ದೂರ ಹೋಗುತ್ತದೆ. ಅಷ್ಟರಲ್ಲಿ ಯಾರೋ ನೆಲ ಒರೆಸುತ್ತ ನನ್ನ ಕಾಲಬುಡಕ್ಕೆ ಬಂದರು. ಕಾಲು ಮೇಲೆತ್ತಿದೆ. ಫಿನಾಯಿಲಿನ ವಾಸನೆ, ಅದರೊಳಗೆ ಒದ್ದೆ ಕೊಡೆಗಳ ವಾಸನೆ, ಒದ್ದೆ ಹತ್ತಿಯ ವಾಸನೆ. ಇದ್ದಕ್ಕಿದ್ದಂತೆ ನಾನು ಕಲ್ಯಾಣದಲ್ಲಿರಲಿಲ್ಲ. ಒಂದು ಸ್ಟೇಷನ್ ಹಿಂದೆ, ಮೂರು ಮಳೆಗಾಲ ಹಿಂದೆ, ಠಾಕುರ್ಲಿಯ ಆ ಎರಡು ಕೋಣೆಗಳಲ್ಲಿದ್ದೆ.

ಹಳಿಗಳಿಗೆ ಬೆನ್ನು ಹಾಕಿ ನಿಂತ ಹಳೆಯ ಕಟ್ಟಡ. ಅದರ ಕೆಳ ಅಂತಸ್ತಿನ ಎರಡು ಕೋಣೆ. ಬುದ್ಧಿಯ ಬೆಳವಣಿಗೆ ನಿಧಾನವಾದವರು, ಕೈಕಾಲು ಹೇಳಿದ ಮಾತು ಕೇಳದವರು, ಒಟ್ಟು ಮೂವತ್ತು ಜನ ಬೆಳಿಗ್ಗೆ ಹತ್ತಕ್ಕೆ ಅಲ್ಲಿಗೆ ಬರುತ್ತಿದ್ದರು. ಎಲ್ಲರೂ ದೊಡ್ಡವರೇ. ಇಪ್ಪತ್ತರಿಂದ ಐವತ್ತರವರೆಗಿನ ವಯಸ್ಸು. ಒಂದು ಕೋಣೆಯಲ್ಲಿ ಫಿನಾಯಿಲು ತಯಾರಿಸಿ ಬಾಟಲಿಗೆ ತುಂಬುತ್ತಿದ್ದರು, ಇನ್ನೊಂದರಲ್ಲಿ ಉದ್ದನೆಯ ಮೇಜಿನ ಸುತ್ತ ಕೂತು ದೇವರ ದೀಪದ ಹೂಬತ್ತಿ ಹೊಸೆಯುತ್ತಿದ್ದರು. ರೈಲು ಹಾದುಹೋದಾಗಲೆಲ್ಲ ಮೇಜಿನ ಮೇಲಿನ ಹತ್ತಿ ಸಣ್ಣಗೆ ನಡುಗುತ್ತಿತ್ತು.

ನಾನು ಅಲ್ಲಿಗೆ ಹೋದದ್ದು ಟೆಲಿಫೋನ್ ಆಫೀಸಿನಿಂದ ನಿವೃತ್ತಳಾದ ವರ್ಷ. ಕುಂದಾಪುರದ ಕಡೆಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದು ನಲವತ್ತು ವರ್ಷ ಕಳೆದಿತ್ತು. ಯಜಮಾನರು ತೀರಿಕೊಂಡಿದ್ದರು. ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸುವಷ್ಟು ಹೊತ್ತು ಉಳಿದಿತ್ತು. ನಮ್ಮದೇ ಸೊಸೈಟಿಯಲ್ಲಿದ್ದ ಲಿಮಯೆ ಸರ್ ಒಂದು ದಿನ ಬಂದು, "ನಿಮ್ಮ ಅಕ್ಷರ ಚೆನ್ನಾಗಿದೆ ಅಂತ ಕೇಳಿದ್ದೇನೆ. ನಮ್ಮ ಮಂಡಳಿಗೆ ಕಾರ್ಯದರ್ಶಿ ಬೇಕು. ತಿಂಗಳಿಗೊಂದು ಭಾನುವಾರ, ಅಷ್ಟೇ," ಅಂದರು.

ಲಿಮಯೆ ಸರ್ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಇಂಜಿನಿಯರಾಗಿದ್ದವರು. ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆಲುದನಿ. ಅವರ ಮಗಳು ಮುಗ್ಧಾ ಹುಟ್ಟಿನಿಂದಲೇ ಸರಿಯಾಗಿ ನಡೆಯಲಾರದವಳು, ಮಾತೂ ತೊದಲು. ಅವಳು ಇಪ್ಪತ್ತಾರಕ್ಕೆ ತೀರಿಕೊಂಡ ಮೇಲೆ ಅವರು ಈ ಕೇಂದ್ರ ಶುರು ಮಾಡಿದ್ದು. ಅಧ್ಯಕ್ಷರು ಅವರು. ನನ್ನನ್ನೂ ಸೇರಿಸಿ ಏಳು ಜನರ ಮಂಡಳಿ. ಯಾರಿಗೂ ಸಂಬಳವಿಲ್ಲ. ಒಬ್ಬ ವಕೀಲರು, ಒಬ್ಬ ಡಾಕ್ಟರಮ್ಮ, ಇಬ್ಬರು ನಿವೃತ್ತ ಮೇಷ್ಟ್ರುಗಳು, ಮತ್ತೆ ನಮ್ಮ ಕಡೆಯ ಹೋಟೆಲಿನ ರಘುರಾಮ ಶೆಟ್ರು. ಶೆಟ್ರು ಸಭೆಗೆ ಬರುವಾಗ ಬಿಸಿ ಗೋಳಿಬಜೆ ಕಟ್ಟಿಸಿಕೊಂಡು ಬರುತ್ತಿದ್ದರು. "ಮೀನಾಕ್ಷಿಯಕ್ಕ, ಇದು ತಣಿಯುವ ಮೊದಲು ಸಭೆ ಮುಗಿಯಬೇಕು ಮಾರಾಯ್ರೆ," ಅನ್ನುತ್ತಿದ್ದರು. ಸಾಮಾನ್ಯವಾಗಿ ಮುಗಿಯುತ್ತಿತ್ತು.

ಮಂಡಳಿ ಅಂದರೆ ನನಗೆ ಗೊತ್ತಿದ್ದದ್ದು ಅಷ್ಟೇ. ಹೂಬತ್ತಿಯವರ ಮೇಜಿಗೆ, ಅವರದೇ ಕುರ್ಚಿಗಳ ಮೇಲೆ, ಅವರಿಲ್ಲದ ಭಾನುವಾರ ನಾವು ಕೂರುವುದು. ಕೇಂದ್ರವನ್ನು ನಡೆಸುವ ಕವಿತಾ ಹೇಳಿದ್ದನ್ನು ಕೇಳುವುದು. ಕೈ ಎತ್ತುವುದು. ನಾನು ನಡಾವಳಿ ಪುಸ್ತಕದಲ್ಲಿ ದುಂಡಗೆ ಬರೆಯುವುದು. ಏಳುವಾಗ ಸೀರೆಗೆ ಅಂಟಿದ ಹತ್ತಿಯ ಎಳೆಗಳನ್ನು ಕೊಡವಿಕೊಂಡು ಹೋಗುವುದು.

ಆ ವರ್ಷದ ಜುಲೈ ಮಾತ್ರ ಬೇರೆ ಥರ ಇತ್ತು. ಮಳೆ ಬಿದ್ದದ್ದಲ್ಲ, ಇಳಿದು ಬಂದು ಊರಲ್ಲಿ ವಾಸ ಮಾಡಿತು. ಹಳಿಗಳ ಪಕ್ಕದ ತಗ್ಗುಗಳು ಕೆರೆಗಳಾಗಿ, ಅದರಲ್ಲಿ ಬಿಳಿ ಕೊಕ್ಕರೆಗಳು ನಿಂತಿದ್ದವು. ಬೆಳಗ್ಗೆಯೂ ಮನೆಯೊಳಗೆ ದೀಪ ಹಾಕಬೇಕಿತ್ತು. ಒಣಗದ ಬಟ್ಟೆಗಳ ಕೆಳಗೆ ಮಲಗಿ ಎದ್ದಾಗ ನಾನು ಡೊಂಬಿವಲಿಯಲ್ಲಿದ್ದೇನೋ, ನೀರಿನ ಮೇಲೆ ತೇಲುತ್ತಿರುವ ಯಾವುದೋ ಸ್ಟೇಷನ್ನಿನಲ್ಲಿದ್ದೇನೋ ಎಂದು ಒಂದು ಕ್ಷಣ ತಿಳಿಯುತ್ತಿರಲಿಲ್ಲ.

ಅಂಥ ಒಂದು ಬೆಳಿಗ್ಗೆ ವಿನಾಯಕ ಕಳೆದುಹೋದ.

ವಿನಾಯಕನಿಗೆ ನಲವತ್ತೆರಡು ವರ್ಷ. ಡೊಂಬಿವಲಿಯಲ್ಲಿ ವಯಸ್ಸಾದ ತಾಯಿಯ ಜೊತೆ ಇದ್ದ. ದಿನಾ ಒಂದೇ ಸ್ಟೇಷನ್ ಪ್ರಯಾಣ. ಡೊಂಬಿವಲಿಯಲ್ಲಿ ಹತ್ತಿ ಮೂರು ನಿಮಿಷಕ್ಕೆ ಠಾಕುರ್ಲಿಯಲ್ಲಿ ಇಳಿಯುವುದು. ವರ್ಷಗಟ್ಟಲೆ ಒಂದು ದಿನವೂ ತಪ್ಪಿರಲಿಲ್ಲ. ಆ ದಿನ ಮಳೆಗೆ ಗಾಡಿಗಳೆಲ್ಲ ಏರುಪೇರಾಗಿ, ಸ್ಲೋ ಗಾಡಿ ಬರುವ ಪ್ಲಾಟ್‌ಫಾರಮ್ಮಿಗೆ ಫಾಸ್ಟ್ ಗಾಡಿ ಬಂತು. ಅವನು ಹತ್ತಿಬಿಟ್ಟ. ಫಾಸ್ಟ್ ಗಾಡಿ ಠಾಕುರ್ಲಿಯಲ್ಲಿ ನಿಲ್ಲುವುದಿಲ್ಲ.

ಹನ್ನೊಂದು ಗಂಟೆಗೆ ಕವಿತಾ ಫೋನ್ ಮಾಡಿದಳು. ಹನ್ನೆರಡಕ್ಕೆ ನಾವು ನಾಲ್ಕು ಜನ ನಾಲ್ಕು ದಿಕ್ಕಿಗೆ ಹೋದೆವು. ಲಿಮಯೆ ಸರ್ ಕಲ್ಯಾಣ ಸ್ಟೇಷನ್ನಿನ ಒಂದೊಂದು ಪ್ಲಾಟ್‌ಫಾರಮ್ಮನ್ನೂ ನಡೆದು ನೋಡಿದರು. ನಾನು ವಿನಾಯಕನ ತಾಯಿಯ ಪಕ್ಕ ಕೂತಿದ್ದೆ. ಆಕೆ ಅಳಲಿಲ್ಲ. "ಅವನ ಅಂಗಿಯ ಕಾಲರಿನ ಒಳಗೆ ನಂಬರು ಹೊಲಿದಿದ್ದೇನೆ. ಯಾರಾದರೂ ಕಾಲರ್ ತಿರುಗಿಸಿ ನೋಡಬೇಕಲ್ಲ," ಎಂದು ಮತ್ತೆ ಮತ್ತೆ ಅಂದರು. ಸಂಜೆ ಐದಕ್ಕೆ ಫೋನ್ ಬಂತು. ಕಲ್ಯಾಣದಿಂದಲೂ ಎಷ್ಟೋ ಆಚೆಯ ಅಸನ್‌ಗಾಂವ್ ಸ್ಟೇಷನ್ನಿನಲ್ಲಿ ಚಹಾ ಮಾರುವ ಹೆಂಗಸೊಬ್ಬಳು ಅವನನ್ನು ಬೆಂಚಿನ ಮೇಲೆ ಕೂರಿಸಿ, ವಡಾಪಾವ್ ತಿನ್ನಿಸಿ, ಹೇಗೋ ಪುಸಲಾಯಿಸಿ ಕಾಲರ್ ತಿರುಗಿಸಿ ನೋಡಿದ್ದಳು. ಮನೆಗೆ ಬಂದ ವಿನಾಯಕ ತಾಯಿಗೆ ಹೇಳಿದ್ದು ಇಷ್ಟು: "ಠಾಕುರ್ಲಿ ಬರಲೇ ಇಲ್ಲ ಆಯಿ. ನಾನು ಕಾದೆ. ಬರಲೇ ಇಲ್ಲ."

ಮರುದಿನ ಸಂಜೆಯೇ ತುರ್ತು ಸಭೆ. ಎಲ್ಲರ ಬಟ್ಟೆಯೂ ಒದ್ದೆ. ಲಿಮಯೆ ಸರ್ ಮುಖ ಒಂದೇ ದಿನದಲ್ಲಿ ಇಳಿದುಹೋಗಿತ್ತು. "ನಮ್ಮನ್ನು ನಂಬಿ ಕಳಿಸುತ್ತಾರೆ," ಅಂದರು. "ವಿಶ್ವಸ್ತರು ಅಂತ ನಮ್ಮ ಹೆಸರು. ಇವತ್ತು ಅವನು ಸಿಕ್ಕಿದ. ನಾಳೆ ಸಿಗದಿದ್ದರೆ ನಾವು ಯಾವ ಮುಖ ಇಟ್ಟುಕೊಂಡು ಈ ಮೇಜಿಗೆ ಕೂರೋದು?" ವಕೀಲರು ಹೌದೆಂದರು. ಯಾರಿಗೂ ಬೇರೆ ಮಾತು ಹೊಳೆಯಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಏಳು ಕೈಗಳೂ ಎದ್ದವು. ನಾನು ಬರೆದೆ: ಇನ್ನು ಮುಂದೆ ಕೇಂದ್ರಕ್ಕೆ ಬರುವ ಯಾರೂ ಒಬ್ಬರೇ ರೈಲಿನಲ್ಲಿ ಬರತಕ್ಕದ್ದಲ್ಲ. ಮನೆಯವರೇ ತಂದು ಬಿಡಬೇಕು, ಮನೆಯವರೇ ಕರೆದುಕೊಂಡು ಹೋಗಬೇಕು. ಠರಾವು ಸರ್ವಾನುಮತದಿಂದ ಅಂಗೀಕಾರವಾಯಿತು. ಅದನ್ನೇ ಮರಾಠಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದೆ. ನನ್ನ ಅಕ್ಷರ ನೋಡಿ ನನಗೇ ಸಮಾಧಾನವಾಯಿತು. ಮನೆಗೆ ಹೋಗಿ ಚೆನ್ನಾಗಿ ನಿದ್ದೆ ಮಾಡಿದೆ.

ಹತ್ತು ದಿನದ ಮೇಲೆ ಯಾವುದೋ ಸಹಿಗೆಂದು ಕೇಂದ್ರಕ್ಕೆ ಹೋದರೆ ಮೇಜಿನ ಸುತ್ತ ಖಾಲಿ ಕುರ್ಚಿಗಳಿದ್ದವು. ರೈಲಿನಲ್ಲಿ ಒಬ್ಬೊಬ್ಬರೇ ಬರುತ್ತಿದ್ದವರು ಎಂಟು ಜನ. ಮೂವರನ್ನು ಮನೆಯವರು ಕರೆತರುತ್ತಿದ್ದರು. ಉಳಿದ ಐದು ಜನ ನಿಂತೇಬಿಟ್ಟಿದ್ದರು.

"ಅವರ ಮನೆಯಲ್ಲಿ ಎಲ್ಲರೂ ಕೆಲಸಕ್ಕೆ ಹೋಗುವವರು. ಯಾರು ಕರೆತರುತ್ತಾರೆ?" ಅಂದಳು ಕವಿತಾ. ಆಮೇಲೆ, "ಶರಣಮ್ಮನ ಮನೆಗೆ ನೀವೊಮ್ಮೆ ಹೋಗಿಬನ್ನಿ. ನಿಮ್ಮ ಭಾಷೆಯವಳು. ನಾನು ಫೋನಿನಲ್ಲಿ ಹೇಳಿದರೆ ಅವಳ ತಾಯಿಗೆ ಅರ್ಥವಾಗುವುದಿಲ್ಲ. ನೀವು ತಿಳಿಸಿ ಹೇಳಿ," ಅಂದಳು.

ನನಗೆ ಶರಣಮ್ಮ ಅಂದರೆ ಮೇಜಿನ ಕೊನೆಯಲ್ಲಿ ಕೂರುತ್ತಿದ್ದ, ಎರಡು ಊರುಗೋಲಿನ ಹುಡುಗಿ. ಇಪ್ಪತ್ತೆಂಟು ವರ್ಷ. ಹುಟ್ಟುವಾಗಲೇ ಆದ ತೊಂದರೆಯಿಂದ ಕಾಲು ಕತ್ತರಿಯಂತೆ ಸೇರಿಕೊಳ್ಳುತ್ತಿದ್ದವು, ಮಾತು ಒಂದೊಂದೇ ಪದವಾಗಿ ಬಹಳ ದೂರದಿಂದ ಬಂದ ಹಾಗೆ ಬರುತ್ತಿತ್ತು. ಅವಳಿಗೆ ನಮಸ್ಕಾರ ಹೇಳುವುದಕ್ಕಿಂತ ಹೆಚ್ಚು ನಾನು ಮಾತಾಡಿಸಿರಲಿಲ್ಲ. ಮಾತಾಡಿಸಿದರೆ ಉತ್ತರಕ್ಕೆ ಕಾಯಬೇಕಲ್ಲ.

ಅವಳ ಮನೆಯಿದ್ದ ಮುಂಬ್ರಾಕ್ಕೆ, ಡೊಂಬಿವಲಿಯಿಂದ ಮೂರು ಸ್ಟೇಷನ್ ದೂರ, ಹೋದದ್ದು ಒಂದು ಭಾನುವಾರ ಬೆಳಿಗ್ಗೆ. ಗುಡ್ಡದ ತುಂಬ ಬಿಳಿ ನೀರಿನ ಗೆರೆಗಳು. ದೂರದಿಂದ ನೋಡಿದರೆ ಗುಡ್ಡವೇ ಮೆಲ್ಲಗೆ ಕರಗುತ್ತಿರುವಂತೆ ಕಾಣುತ್ತಿತ್ತು. ಓಣಿ ಹತ್ತಿ, ಕೇಳಿ ಕೇಳಿ ಮನೆ ಹುಡುಕಿದೆ. ತಗಡಿನ ಮಾಡು, ಒಂದೇ ಕೋಣೆ. ಅಫಜಲಪುರದ ಕಡೆಯಿಂದ ಬಂದವರು. ತಂದೆ ಭಿವಂಡಿಯ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ತಾಯಿ ಠಾಣೆಯಲ್ಲಿ ನಾಲ್ಕು ಮನೆಯ ಪಾತ್ರೆ ತಿಕ್ಕುತ್ತಿದ್ದಳು.

"ಬರ್ರಿ ಅಕ್ಕೋರ, ಕುಂದರ್ರಿ," ಎಂದು ತಾಯಿ ಚಾಪೆ ಹಾಸಿದಳು. ಬಾಗಿಲಿನ ಹೊರಗಡೆ ಹೊಸ ಚಿಲಕ ಹೊಳೆಯುತ್ತಿತ್ತು. ನಾನು ಅದನ್ನು ನೋಡಿದ್ದನ್ನು ಅವಳು ನೋಡಿದಳು.

"ನಾ ಆರಕ್ಕ ಹೋದರ ಮೂರಕ್ಕ ಬರತೀನ್ರಿ," ಅಂದಳು, ತಲೆ ತಗ್ಗಿಸಿ. "ಒಬ್ಬಾಕಿನ ಬಿಟ್ಟು ಹೆಂಗ ಹೋಗಲಿ? ಓಣಿಯಾಗ ಮಂದಿ ಎಂಥವರು ಇರತಾರೋ. ಹೊರಗಿಂದ ಚಿಲಕ ಹಾಕ್ಕೊಂಡು ಹೋಗತೀನಿ. ಮದಲ ಆಕಿ ನಿಮ್ಮಲ್ಲಿ ಇರತಿದ್ದಳು, ನನಗ ಜೀವ ಹಗುರ ಇತ್ತು."

ಆದರೂ ಬಂದ ಕೆಲಸ ಮಾಡಬೇಕಲ್ಲ, ನಿಯಮ ಯಾಕೆ ಬಂತು ಅಂತ ವಿವರಿಸತೊಡಗಿದೆ. ವಿನಾಯಕನ ಕಥೆ ಹೇಳಿದೆ. ಶರಣಮ್ಮ ಗೋಡೆಗೆ ಒರಗಿ ಕೂತು ಕೇಳಿದಳು. ಆಮೇಲೆ ಬಾಯಿ ತೆರೆದಳು.

"ನಾ... ನಾಕು... ವರ್ಷ..."

"ನಾಲ್ಕು ವರ್ಷದಿಂದ ಬರುತ್ತಿದ್ದೀಯ, ಗೊತ್ತಮ್ಮ," ಅಂದೆ.

ಅವಳು ತಲೆ ಅಲ್ಲಾಡಿಸಿದಳು. "ರೇಲಿನ್ಯಾಗ... ನಾ..."

"ರೈಲಿನಲ್ಲಿ ಬರುವುದು ಅಭ್ಯಾಸ ಇದೆ ಅಂತ. ಆದರೆ ನೋಡು..."

ಅವಳು ಅಂಗೈಯಿಂದ ನೆಲಕ್ಕೆ ಬಡಿದಳು. ಚಹಾದ ಲೋಟ ಅದುರಿತು. ತಾಯಿ ಬೆಚ್ಚಿ, "ಏ ಶರಣೂ," ಅಂದಳು.

"ನಂದು... ನಾನಽ... ಹೇಳತೀನ್ರಿ."

ತಗಡಿನ ಮೇಲೆ ಮಳೆ ಬೀಳುತ್ತಿತ್ತು. ಅವಳು ಒಂದೊಂದೇ ಪದ ಎತ್ತಿ ಇಟ್ಟಳು. ನಾಲ್ಕು ವರ್ಷದಲ್ಲಿ ಎರಡು ಸಲ ಬಿದ್ದಿದ್ದಾಳೆ, ಎರಡು ಸಲವೂ ಎದ್ದಿದ್ದಾಳೆ. ಅಂಗವಿಕಲರ ಡಬ್ಬಿ ಪ್ಲಾಟ್‌ಫಾರಮ್ಮಿನಲ್ಲಿ ಎಲ್ಲಿ ನಿಲ್ಲುತ್ತದೆ ಅಂತ ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು. ಆ ಡಬ್ಬಿಯಲ್ಲಿ ಅವಳಿಗೆ ಗೆಳತಿಯರಿದ್ದಾರೆ. ದಿವಾದಲ್ಲಿ ಹತ್ತುವ ಕಣ್ಣಿಲ್ಲದ ಒಬ್ಬಾಕೆಗೆ ಸ್ಟೇಷನ್ನುಗಳ ಬಣ್ಣ ಹೇಳುವುದು ಇವಳ ಕೆಲಸ. ಇಷ್ಟು ಹೇಳಲು ಒಂದು ಹಾಡು ಮುಗಿಯುವಷ್ಟಲ್ಲ, ಒಂದು ಅಡುಗೆ ಮುಗಿಯುವಷ್ಟು ಹೊತ್ತು ಹಿಡಿಯಿತು. ಆ ಹೊತ್ತೆಲ್ಲ ನನ್ನ ನಾಲಿಗೆಯ ತುದಿಯಲ್ಲಿ ಅವಳ ಮುಂದಿನ ಪದ ಕುಣಿಯುತ್ತಿತ್ತು. ಹತ್ತರಲ್ಲಿ ಏಳು ಸಲ ನಾನು ಅಂದುಕೊಂಡ ಪದ ತಪ್ಪಾಗಿತ್ತು.

ಕೊನೆಗೆ ಅವಳು ಕೇಳಿದಳು: "ಮೀಟಿಂಗಿನ್ಯಾಗ... ಎಷ್ಟು ಮಂದಿ... ಇದ್ರಿ?"

"ಏಳು."

"ನಮ್ಮಂಥವರು?"

ನಾನು ಚಹಾದ ಲೋಟ ಎತ್ತಿಕೊಂಡೆ.

"ಬಾಗಲಿಗೆ... ಬರದಿರೆಲ್ಲ... ಎಲ್ಲಾರೂ ಒಪ್ಪ್ಯಾರಂತ... ನನ್ನ... ಯಾರು ಕೇಳಿದರು?"

ವಾಪಸು ಬರುವಾಗ ಗಾಡಿಯ ಕಿಟಕಿಯಾಚೆ ಖಾಡಿಯ ಹಿನ್ನೀರು, ಮಳೆಯ ನೀರು, ಆಕಾಶ ಎಲ್ಲ ಒಂದೇ ಬೂದುಬಣ್ಣವಾಗಿದ್ದವು. ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ತಲೆ ಮಾತ್ರ ಮೇಲಿತ್ತು. ಆ ಚಿಲಕ ಹಾಕಿದ್ದು ನನ್ನ ದುಂಡಕ್ಷರ ಎಂಬುದೊಂದೇ ನನ್ನ ತಲೆಯಲ್ಲಿ ತಿರುಗುತ್ತಿತ್ತು.

ಆ ಸಂಜೆಯೇ ಲಿಮಯೆ ಸರ್ ಮನೆಗೆ ಹೋದೆ. ಗೋಡೆಯ ಮೇಲೆ ಮುಗ್ಧಾಳ ಫೋಟೊ. ಎರಡು ಜಡೆ, ಸ್ವಲ್ಪ ಓರೆಯಾದ ನಗು. ನಾನು ಮುಂಬ್ರಾದ ವಿಷಯ ಪೂರ್ತಿ ಹೇಳಿದೆ. ಅವರು ಕಿಟಕಿಯ ಕಡೆ ನೋಡುತ್ತ ಕೇಳಿದರು.

"ಮುಗ್ಧಾ ಒಂದು ದಿನವೂ ಒಬ್ಬಳೇ ಹೊರಗೆ ಹೋದವಳಲ್ಲ, ಮೀನಾಕ್ಷಿತಾಯಿ," ಅಂದರು. "ನಾನು ಬಿಡಲಿಲ್ಲ. ರೈಲಿನ ಸದ್ದು ಕೇಳಿದರೆ ಚಪ್ಪಾಳೆ ಹೊಡೆಯೋಳು. ಬಾಬಾ, ನಿಮ್ಮ ಗಾಡಿ ಅನ್ನೋಳು. ನಾನು ಮೂವತ್ತು ವರ್ಷ ಆ ಗಾಡಿಗಳಿಗೆ ಹಸಿರು ದೀಪ ತೋರಿಸಿದವನು. ಒಂದು ದಿನವೂ ಅವಳನ್ನು ಲೋಕಲ್ಲಿಗೆ ಹತ್ತಿಸಲಿಲ್ಲ. ಆ ನೂಕುನುಗ್ಗಲಿನಲ್ಲಿ ಏನು ಆಗುತ್ತೆ ಅಂತ ನನಗೆ ಗೊತ್ತಿತ್ತು. ಹಳಿಯ ಮೇಲೆ ನಾನು ನೋಡಿದ್ದನ್ನು ನೀವು ನೋಡಿಲ್ಲ."

"ಶರಣಮ್ಮ ನಾಲ್ಕು ವರ್ಷ ಬಂದಿದ್ದಾಳಲ್ಲ ಸರ್."

"ಐದನೆಯ ವರ್ಷ ಏನಾದರೂ ಆದರೆ?" ಅವರು ಫೋಟೊದ ಕಡೆ ತಿರುಗಿದರು. ಆಮೇಲೆ, "ಮುಂದಿನ ಸಭೆಯ ವಿಷಯಪಟ್ಟಿಗೆ ಹಾಕಿ. ಅದು ನಿಮ್ಮ ಹಕ್ಕು. ಅವಳು ಬಂದು ಹೇಳುವುದಾದರೆ ಹೇಳಲಿ. ನಾನು ಮಾತ್ರ ವಿರೋಧಿಸುತ್ತೇನೆ," ಅಂದರು. ಬಾಗಿಲವರೆಗೆ ಬಂದು ನನ್ನ ಕೊಡೆ ಬಿಚ್ಚಿಕೊಟ್ಟರು.

ಆಗಸ್ಟಿನ ಮೊದಲ ಭಾನುವಾರ ನಾನೇ ಶರಣಮ್ಮನನ್ನು ಕರೆತರಲು ಮುಂಬ್ರಾಕ್ಕೆ ಹೋದೆ. ನಿಯಮ ಇನ್ನೂ ಇತ್ತಲ್ಲ. ಹಸಿರು ಚೂಡಿದಾರ, ಎಣ್ಣೆ ಹಾಕಿ ಬಾಚಿದ ತಲೆ, ಕೊರಳಿಗೆ ಅಡ್ಡಲಾಗಿ ಬಟ್ಟೆಯ ಚೀಲ. ಅವಳು ನಡೆಯುವ ವೇಗಕ್ಕೆ ನಾನು ನಡೆದೆ. ಓಣಿಯ ಪ್ರತಿ ಕಲ್ಲೂ ಅವಳಿಗೆ ಪರಿಚಯ. ಪ್ಲಾಟ್‌ಫಾರಮ್ಮಿನಲ್ಲಿ ಅವಳ ಜೊತೆ ಅವಳ ಡಬ್ಬಿ ನಿಲ್ಲುವ ಜಾಗದಲ್ಲಿ ನಿಂತೆ. ಅವಳು ನನ್ನನ್ನು ನೋಡಿ, "ಅಕ್ಕೋರ... ನಿಮಗ... ಈ ಡಬ್ಬಿ... ಇಲ್ರಿ. ದಂಡ... ಹಾಕತಾರ," ಅಂದಳು. ಕಣ್ಣಲ್ಲಿ ತುಂಟತನವಿತ್ತು.

ನಾನು ಹೋಗಿ ಹೆಂಗಸರ ಡಬ್ಬಿಯಲ್ಲಿ ಹತ್ತಿದೆ. ದಿವಾ, ಕೋಪರ್, ಡೊಂಬಿವಲಿ, ಪ್ರತಿ ಸ್ಟೇಷನ್ನಿನಲ್ಲೂ ಬಾಗಿಲಿನ ಕಂಬ ಹಿಡಿದು ತಲೆ ಹೊರಗೆ ಹಾಕಿ ನೋಡಿದೆ. ಪಕ್ಕದಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದ ಹೆಂಗಸೊಬ್ಬಳು, "ಯಾರನ್ನು ಕಳಕೊಂಡಿರಿ?" ಎಂದು ಹಿಂದಿಯಲ್ಲಿ ಕೇಳಿದಳು. ಠಾಕುರ್ಲಿಯಲ್ಲಿ ನಾನು ಜನರ ನಡುವೆ ದಾರಿ ಮಾಡಿಕೊಂಡು ಇಳಿಯುವ ಹೊತ್ತಿಗೆ ಶರಣಮ್ಮ ಆಗಲೇ ಇಳಿದು, ಕಂಬಕ್ಕೆ ಒರಗಿ, ನನಗಾಗಿ ಕಾಯುತ್ತಿದ್ದಳು.

ಸಭೆಯಲ್ಲಿ ಅವಳು ಮೇಜಿನ ಕೊನೆಯ ತನ್ನ ಕುರ್ಚಿಯಲ್ಲೇ ಕೂತಳು. ಆ ಕುರ್ಚಿಯಲ್ಲಿ ಯಾವಾಗಲೂ ಕೂರುತ್ತಿದ್ದ ಶೆಟ್ರು ಎದ್ದು ಬೇರೆ ಕಡೆ ಹೋದರು. ಅವಳು ಎಲ್ಲರಿಗೂ ತಿಳಿಯಲೆಂದು ಮುಂಬೈಯ ಹಿಂದಿಯಲ್ಲಿ ಶುರು ಮಾಡಿದಳು. ಮೊದಲ ಎರಡು ನಿಮಿಷ ಬಹಳ ಕಷ್ಟವಾಯಿತು. ಒಬ್ಬ ಮೇಷ್ಟ್ರು ಗಡಿಯಾರ ನೋಡಿದರು. ವಕೀಲರು ಸಹಾಯ ಮಾಡುವ ಹಾಗೆ, "ಅಂದರೆ ನೀನು ಹೇಳೋದು..." ಎಂದು ಬಾಯಿ ಹಾಕಿದರು. ಶರಣಮ್ಮ ನಿಲ್ಲಿಸಿ, ಅವರನ್ನೇ ನೋಡುತ್ತ, ಅವರು ಮುಗಿಸುವವರೆಗೆ ಕಾದು, ಮತ್ತೆ ಮೊದಲಿನಿಂದ ಶುರು ಮಾಡಿದಳು. ಆಮೇಲೆ ಯಾರೂ ನಡುವೆ ಮಾತಾಡಲಿಲ್ಲ. ಗೋಳಿಬಜೆ ತಣಿದುಹೋಯಿತು. ಶೆಟ್ರು ಅದರ ಕಡೆ ನೋಡಲೂ ಇಲ್ಲ. ಕಿಟಕಿಯಾಚೆ ಗಾಡಿಗಳು ಬಂದವು, ಹೋದವು. ಅವಳ ದನಿಯೂ ಮಳೆಯೂ ಒಂದಕ್ಕೊಂದು ಜಾಗ ಬಿಟ್ಟುಕೊಟ್ಟು ನಡೆದಂತೆ ಅನ್ನಿಸಿತು. ನಾನು ಬರೆಯುವುದನ್ನೇ ಮರೆತು ಕೂತಿದ್ದೆ.

ಅವಳು ಜಗಳ ಮಾಡಲಿಲ್ಲ. ವಿನಾಯಕಣ್ಣನಿಗೆ ಆದದ್ದು ತಪ್ಪೇ ಅಂದಳು. ಅವನಿಗೆ ಸ್ಲೋ, ಫಾಸ್ಟ್ ತಿಳಿಯುವುದಿಲ್ಲ, ಅವನ ಜೊತೆ ಯಾರಾದರೂ ಬೇಕು. ತನಗೆ ತಿಳಿಯುತ್ತದೆ, ತನಗೆ ಬೇಡ. ಎಂಟು ಜನರೂ ಎಂಟು ಥರ, ಎಂಟು ಜನರನ್ನೂ ಕೂರಿಸಿ ಕೇಳಿ. ಇಬ್ಬಿಬ್ಬರು ಜೊತೆಯಾಗಿ ಬರಬಹುದು. ಮಳೆ ಜೋರಿದ್ದ ದಿನ ಠಾಕುರ್ಲಿ ಪ್ಲಾಟ್‌ಫಾರಮ್ಮಿನಲ್ಲಿ ಒಬ್ಬರು ನಿಂತರೆ ಸಾಕು, ಇಳಿಯದವರು ಯಾರು ಅಂತ ಕೂಡಲೇ ಗೊತ್ತಾಗುತ್ತದೆ. ಕೊನೆಯಲ್ಲಿ ಒಂದು ಮಾತು ಹೇಳಿದಳು: "ಈ ಮೇಜು ನಮ್ಮದು. ನೀವು ಕೂರುವಾಗ ನಮ್ಮಲ್ಲಿ ಇಬ್ಬರನ್ನಾದರೂ ಕೂರಿಸಿಕೊಳ್ಳಿ."

ಲಿಮಯೆ ಸರ್ ಮಾತ್ರ ಒಂದು ಪ್ರಶ್ನೆ ಕೇಳಿದರು. "ನೀನು ಬಿದ್ದರೆ, ಬೇಟಾ?"

ಅವಳು ಅವರ ಕಡೆ ತಿರುಗಿದಳು. "ನೋವಾಗುತ್ತೆ, ಸರ್," ಅಂದಳು.

ಕೈ ಎತ್ತುವಾಗ ಡಾಕ್ಟರಮ್ಮ, ನಾನು, ಒಬ್ಬ ಮೇಷ್ಟ್ರು ಒಂದು ಕಡೆ. ವಕೀಲರು, ಇನ್ನೊಬ್ಬ ಮೇಷ್ಟ್ರು, ಲಿಮಯೆ ಸರ್ ಇನ್ನೊಂದು ಕಡೆ. ಶೆಟ್ರು ಉಳಿದರು. ಅವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿ, "ನಾನು ಹದಿನಾಲ್ಕಕ್ಕೆ ಊರು ಬಿಟ್ಟು ಒಬ್ಬನೇ ಮುಂಬೈಗೆ ಬಂದವ. ನನ್ನನ್ನು ಯಾರು ಬಂದು ಬಿಟ್ಟದ್ದು?" ಅಂದು ಕೈ ಎತ್ತಿದರು. ನಿಯಮ ಬಿದ್ದುಹೋಯಿತು.

ನಾನು ಪೆನ್ನು ಹಿಡಿದಾಗ ಲಿಮಯೆ ಸರ್, "ನನ್ನ ವಿರೋಧವನ್ನೂ ಬರೆಯಿರಿ," ಅಂದರು. "ಹೆಸರು ಹಾಕಿ ಬರೆಯಿರಿ. ಕಾರಣವನ್ನೂ ಬರೆಯಿರಿ." ಬರೆದೆ. ಆ ಪುಟಕ್ಕೆ ಅಧ್ಯಕ್ಷರ ಸಹಿ ಬೇಕಿತ್ತು. ತಾವು ಒಪ್ಪದ ಠರಾವಿನ ಕೆಳಗೆ ಅವರು ನಿಧಾನವಾಗಿ, ಪೂರ್ತಿ ಹೆಸರು ಬರೆದು ಸಹಿ ಮಾಡಿದರು. ಆಮೇಲೆ ಎದ್ದು ನಿಂತು, "ಮಳೆ ದಿನ ಪ್ಲಾಟ್‌ಫಾರಮ್ಮಿನಲ್ಲಿ ಒಬ್ಬರು ಬೇಕಲ್ಲ. ನಾನು ನಿಲ್ಲುತ್ತೇನೆ. ಗಾಡಿಗಳ ವಿಷಯ ನನಗೆ ಗೊತ್ತು," ಅಂದರು.

ಮುಂದೆ ಆದದ್ದೆಲ್ಲ ಚೆನ್ನಾಗಿಯೇ ಆಯಿತು ಅಂತ ಹೇಳಲಾರೆ. ನಿಂತುಹೋದ ಐವರಲ್ಲಿ ನಾಲ್ವರು ಬಂದರು. ಐದನೆಯ ಹುಡುಗಿಯನ್ನು ಮನೆಯವರು ಅಷ್ಟರಲ್ಲಿ ಊರಿಗೆ ಕಳಿಸಿಬಿಟ್ಟಿದ್ದರು. ಅವಳು ಮತ್ತೆ ಬರಲಿಲ್ಲ. ವಿನಾಯಕನನ್ನು ಅವನ ತಾಯಿ ಆಮೇಲೆಂದೂ ರೈಲು ಹತ್ತಿಸಲಿಲ್ಲ. ಮೊಣಕಾಲು ನೋವಿನಲ್ಲೂ ರಿಕ್ಷಾದಲ್ಲಿ ತಾವೇ ಕರೆತರುತ್ತಿದ್ದರು. ಶರಣಮ್ಮ ಸೆಪ್ಟೆಂಬರಿನಲ್ಲಿ ಮುಂಬ್ರಾ ಸ್ಟೇಷನ್ನಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಆ ಸುದ್ದಿ ಬಂದ ದಿನ ನಾನು ಅನ್ನ ಮುಟ್ಟಲಿಲ್ಲ. ನಾನು ಎತ್ತಿದ ಕೈಯೇ ಅವಳ ಕೈ ಮುರಿಯಿತು ಅನ್ನಿಸಿತು. ನೋಡಲು ಹೋದರೆ ಅವಳು ಪ್ಲಾಸ್ಟರಿನ ಮೇಲೆ ಗೆಳತಿಯರು ಬರೆದ ಹೆಸರುಗಳನ್ನು ತೋರಿಸಿದಳು. ಮಂಡಳಿಗೆ ಅವಳೂ ಇನ್ನೊಬ್ಬರೂ ಸೇರಿದ್ದು ಆ ವರ್ಷದ ವಾರ್ಷಿಕ ಸಭೆಯಲ್ಲಿ. ಸಭೆಗಳು ಉದ್ದವಾದವು. ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತಿದ್ದ ವಿಷಯಕ್ಕೆ ಎರಡು ಗಂಟೆ ಹಿಡಿಯಿತು. ನನಗೆ ಎಷ್ಟೋ ಸಲ ಬೇಸರವೂ ಬಂತು. ಎರಡು ವರ್ಷ ಕಳೆದ ಮೇಲೆ ನಾನು ಕಾರ್ಯದರ್ಶಿ ಕೆಲಸ ಬಿಟ್ಟುಕೊಟ್ಟೆ.

ಆದರೆ ಆಸ್ಪತ್ರೆಯ ಬೆಂಚಿನಲ್ಲಿ ಕಣ್ಣು ಮುಚ್ಚಿ ಕೂತಾಗ ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡದ್ದು ಆ ಮಳೆಗಾಲದ ಕೊನೆಯ ಒಂದು ಬೆಳಗು. ಪ್ಲಾಸ್ಟರ್ ಬಿಚ್ಚಿದ ಮೇಲೆ ಶರಣಮ್ಮ ಮೊದಲ ಸಲ ಬರುವ ದಿನ. ಹೋಗುವ ಮಳೆ ಮತ್ತೆ ತಿರುಗಿ ಬಂದು ಸುರಿಯುತ್ತಿತ್ತು. ನಾನೂ ಠಾಕುರ್ಲಿ ಪ್ಲಾಟ್‌ಫಾರಮ್ಮಿಗೆ ಹೋದೆ. ಲಿಮಯೆ ಸರ್ ಆಗಲೇ ಅಲ್ಲಿದ್ದರು. ಕಪ್ಪು ಕೊಡೆ, ಗಂಬೂಟು. ಹಳಿಗಳ ಮೇಲೆ ಹೊಗೆಯಂತೆ ನೀರಿನ ಹುಡಿ. ದೂರದಲ್ಲಿ ಗಾಡಿಯ ದೀಪ ಮಂಜಿನಲ್ಲಿ ಅರಳಿ, ಹತ್ತಿರ ಹತ್ತಿರ ಬಂತು.

ಶರಣಮ್ಮ ಬಾಗಿಲಿಗೆ ಬಂದಳು. ಸರ್ ಕೈ ಚಾಚಿದರು. ಅವಳು ತಲೆ ಅಲ್ಲಾಡಿಸಿ, ಊರುಗೋಲು ಮೊದಲು, ಒಂದು ಕಾಲು, ಇನ್ನೊಂದು ಕಾಲು ಇಟ್ಟು ಇಳಿದಳು. ಇಳಿದ ಮೇಲೆ ಕೊರಳಿನ ಚೀಲ ತೆಗೆದು ಅವರ ಚಾಚಿದ ಕೈಗೆ ಕೊಟ್ಟಳು. ಅವರು ಅದನ್ನು ಎದೆಗೆ ಒತ್ತಿಕೊಂಡು ಅದರ ಮೇಲೆ ಕೊಡೆ ಹಿಡಿದರು. ಗಾಡಿ ಹೋಯಿತು. ಪ್ಲಾಟ್‌ಫಾರಮ್ಮು ಖಾಲಿಯಾಗಿ ಮಳೆಯಷ್ಟೇ ಉಳಿಯಿತು.

"ನನ್ನ ಮಗಳಿಗೂ ಆಗುತ್ತಿತ್ತಾ?" ಎಂದು ಅವರು ಮರಾಠಿಯಲ್ಲಿ ಕೇಳಿದರು. ನನ್ನನ್ನಲ್ಲ, ಅವಳನ್ನು. "ಮುಗ್ಧಾಗೆ ನಿನ್ನಷ್ಟೇ ಕಷ್ಟ ಇತ್ತು. ಅವಳಿಗೂ ಹೀಗೆ ಬರೋದಕ್ಕೆ ಆಗುತ್ತಿತ್ತಾ?"

ಶರಣಮ್ಮ ಅವರನ್ನು ನೋಡಿದಳು. ಹಿಂದಿ ಮರಾಠಿ ಎರಡೂ ಬರುತ್ತಿದ್ದವಳು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು. ಬಹಳ ಭಾರದ ಮಾತು ಅವಳಿಗೆ ಕನ್ನಡದಲ್ಲೇ ಬರುತ್ತಿತ್ತು.

"ನಂಗ... ಗೊತ್ತಿಲ್ರಿ. ಆಕಿನ್ನ... ಕೇಳಬೇಕಿತ್ತು."

ಸರ್ ನನ್ನ ಮುಖ ನೋಡಿದರು. "ಏನಂದಳು?"

ಮಳೆಯಲ್ಲಿ ನಿಂತು ನಾನು ಒಂದು ಕ್ಷಣ ತಡೆದೆ. ಮುದುಕ ಮನುಷ್ಯ, ಮಗಳ ವಯಸ್ಸಿನವಳ ಚೀಲವನ್ನು ಎದೆಗವಚಿಕೊಂಡು ನಿಂತಿದ್ದಾರೆ. ಖಂಡಿತ ಆಗುತ್ತಿತ್ತು ಅನ್ನುತ್ತಿದ್ದಾಳೆ ಸರ್, ಅಂದುಬಿಟ್ಟರೆ ಯಾರಿಗೂ ನಷ್ಟವಿರಲಿಲ್ಲ. ಆಗುತ್ತಿರಲಿಲ್ಲ, ನೀವು ಮಾಡಿದ್ದೇ ಸರಿ, ಅಂದರೂ ನಡೆಯುತ್ತಿತ್ತು. ಶರಣಮ್ಮ ಊರುಗೋಲಿನ ಮೇಲೆ ಭಾರ ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

"ಗೊತ್ತಿಲ್ಲ, ಅವಳನ್ನೇ ಕೇಳಬೇಕಿತ್ತು, ಅಂದಳು," ಎಂದು ಮರಾಠಿಯಲ್ಲಿ ಹೇಳಿದೆ.

ಲಿಮಯೆ ಸರ್ ತಲೆಯಾಡಿಸಿದರು. ಒಮ್ಮೆ, ಮತ್ತೊಮ್ಮೆ. ಅವರ ಕನ್ನಡಕದ ಮೇಲೆಲ್ಲ ನೀರಿತ್ತು, ಅವರು ಒರೆಸಿಕೊಳ್ಳಲಿಲ್ಲ. ಆಮೇಲೆ ಕೊಡೆಯನ್ನು ಶರಣಮ್ಮನ ತಲೆಯ ಮೇಲಕ್ಕೆ ಸರಿಸಿ, ಅವಳು ಮೊದಲ ಹೆಜ್ಜೆ ಇಡುವುದನ್ನು ಕಾದು, ಅವಳ ಪಕ್ಕದಲ್ಲಿ ನಡೆಯತೊಡಗಿದರು.